ಪಟ್ಟಿಯಲ್ಲಿಲ್ಲದ ಕೊಪ್ಪೆ

ಹಪ್ಪಳ ಮಾಡುವುದನ್ನು ಕಲಿಸಲು ಜೂನ್ ತಿಂಗಳಲ್ಲಿ ಸಕಲೇಶಪುರಕ್ಕೆ ಬರುವವರನ್ನು ಏನೆನ್ನಬೇಕು? ಈ ಪ್ರಶ್ನೆಗೆ ಮರ್ಯಾದೆಯ ಉತ್ತರವೊಂದು ನನಗೆ ಇವತ್ತಿಗೂ ಹೊಳೆದಿಲ್ಲ.

ತೊಂಬತ್ತರ ದಶಕದ ಕೊನೆಯ ವರ್ಷಗಳು. ನಾನು ಊರಿನ ಕಾಲೇಜೊಂದರಲ್ಲಿ ವಾಣಿಜ್ಯಶಾಸ್ತ್ರದ ಅರೆಕಾಲಿಕ ಉಪನ್ಯಾಸಕಿಯಾಗಿದ್ದೆ. ಒಂದು ದಿನ ಪ್ರಾಂಶುಪಾಲರು ಕರೆದು, ಹೊರಗಿನ ತರಬೇತಿ ಸಂಸ್ಥೆಯೊಂದು ಗ್ರಾಮೀಣ ಮಹಿಳೆಯರಿಗೆ ಆರು ವಾರಗಳ ಉದ್ಯಮಶೀಲತಾ ಶಿಬಿರ ನಡೆಸುತ್ತಿದೆ, ಥಿಯರಿ ಪಾಠಕ್ಕೆ ಸ್ಥಳೀಯರೊಬ್ಬರು ಬೇಕಂತೆ ಎಂದರು. "ಹೇಗೂ ನಿಮಗೆ ಮಧ್ಯಾಹ್ನ ಕ್ಲಾಸಿಲ್ಲ, ಹೋಗಿ ಬನ್ನಿ." ಆಗುವುದಿಲ್ಲ ಎನ್ನುವ ಹುದ್ದೆ ನನ್ನದಾಗಿರಲಿಲ್ಲ. ಅರೆಕಾಲಿಕದವರನ್ನು ವರ್ಷ ವರ್ಷವೂ ಹೊಸದಾಗಿ ನೇಮಿಸಿಕೊಳ್ಳಬೇಕಿತ್ತು. ನೇಮಿಸಿಕೊಳ್ಳುವವರು ಅವರೇ.

ಶಿಬಿರ ನಡೆದದ್ದು ಬಸ್ ಸ್ಟ್ಯಾಂಡಿನ ಹತ್ತಿರದ ಒಂದು ಸಮುದಾಯ ಭವನದಲ್ಲಿ. ತಗಡಿನ ಮಾಡು. ಮಳೆ ಜೋರಾದಾಗ ನಾನು ಹೇಳಿದ್ದು ಮೊದಲ ಸಾಲಿನವರಿಗೂ ಕೇಳುತ್ತಿರಲಿಲ್ಲ. ಆಗ ನಾನು ಬೋರ್ಡಿನ ಮೇಲೆ ಬರೆಯುತ್ತಿದ್ದೆ: 'ಉದ್ಯಮಶೀಲತಾ ಶಿಕ್ಷಣವು ಆರ್ಥಿಕ ಅಭಿವೃದ್ಧಿಯ ತಳಹದಿ.' ಮೂವತ್ತು ಹೆಂಗಸರು ಅದನ್ನು ನೋಟ್‌ಬುಕ್ಕಿಗೆ ಇಳಿಸಿಕೊಳ್ಳುತ್ತಿದ್ದರು. ಅವರಲ್ಲಿ ನಾಲ್ಕೈದು ಜನರಿಗೆ ಅಕ್ಷರವೇ ಬರುತ್ತಿರಲಿಲ್ಲ; ಅವರೂ ಗಂಭೀರವಾಗಿ ಪೆನ್ನು ಹಿಡಿದು ಕೂತಿರುತ್ತಿದ್ದರು. ನನಗಾಗ ಇಪ್ಪತ್ತೆಂಟು. ಜೀವಮಾನದಲ್ಲಿ ಯಾರಿಗೂ ಏನನ್ನೂ ಮಾರಿದವಳಲ್ಲ. ಆದರೂ 'ಉದ್ಯಮಿಯ ಹತ್ತು ಗುಣಗಳು' ನನಗೆ ಬಾಯಿಪಾಠವಾಗಿದ್ದವು.

ಶಿಬಿರದ ಹೊಣೆ ಹೊತ್ತಿದ್ದವರು ಸಂಸ್ಥೆಯ ತರಬೇತಿ ಅಧಿಕಾರಿ. ಒಳ್ಳೆಯ ಮನುಷ್ಯರೇ. ಇಸ್ತ್ರಿ ಕೆಡದ ಅಂಗಿ, ಮೆಲು ಮಾತು. ಆದರೆ ಅವರ ಹತ್ತಿರ ಒಂದು ಕೈಪಿಡಿಯಿತ್ತು, ಮತ್ತು ಆ ಕೈಪಿಡಿಯಲ್ಲಿ ಇಲ್ಲದ್ದು ಲೋಕದಲ್ಲೂ ಇಲ್ಲವೆಂದು ಅವರು ನಂಬಿದ್ದರು.

ಹಪ್ಪಳ ಆ ಕೈಪಿಡಿಯಲ್ಲಿತ್ತು. 'ಎರಡು ದಿನ ಚೆನ್ನಾಗಿ ಬಿಸಿಲಿನಲ್ಲಿ ಒಣಗಿಸುವುದು' ಎಂದೂ ಇತ್ತು. ಮೊದಲ ವಾರ ಒತ್ತಿದ ಹಪ್ಪಳಗಳನ್ನು ಭವನದ ಒಳಗೆ ಹಗ್ಗ ಕಟ್ಟಿ, ಸೀರೆ ಹಾಸಿ, ಫ್ಯಾನಿನ ಕೆಳಗೆ ಹರಡಿದೆವು. ಕರೆಂಟು ಹೋಯಿತು. ಮೂರನೆಯ ದಿನಕ್ಕೆ ಹಪ್ಪಳಗಳ ಮೇಲೆ ಹಸಿರು ಬೂಸಲು. ಅಧಿಕಾರಿಗಳು ಒಂದನ್ನು ಎತ್ತಿ ಮೂಸಿ ನೋಡಿ, "ಪರವಾಗಿಲ್ಲ, ಪ್ರಕ್ರಿಯೆ ಅರ್ಥವಾಯಿತಲ್ಲ, ಅದು ಮುಖ್ಯ" ಎಂದರು.

ನಾನು ಹೇಳಿದೆ: "ಸಾರ್, ಇದನ್ನು ಜನವರಿಯಲ್ಲಿ ಇಟ್ಟುಕೊಳ್ಳಬಹುದಿತ್ತಲ್ಲ?"

"ಜನವರಿಯಲ್ಲಿ ಬಯಲುಸೀಮೆಯ ಬ್ಯಾಚ್ ಇರುತ್ತೆ ಮೇಡಂ. ನಿಮ್ಮದು ಮೊದಲನೇ ತ್ರೈಮಾಸಿಕ."

ಹಿಂದಿನ ಸಾಲಿನಲ್ಲಿ ಯಾರೋ ಕಿಸಕ್ಕನೆ ನಕ್ಕರು. ನಕ್ಕವರು ಹೆತ್ತೂರು ಕಡೆಯಿಂದ ದಿನವೂ ಬಸ್ಸಿನಲ್ಲಿ ಬರುತ್ತಿದ್ದ, ನಲವತ್ತರ ಆಸುಪಾಸಿನ ಒಬ್ಬ ಹೆಂಗಸು. ತವರು ಆಲೂರು ಕಡೆ. ಗಂಡ ಎಸ್ಟೇಟೊಂದರಲ್ಲಿ ಜೀಪು ಓಡಿಸುವವರು. ಮದುವೆಗೆ ಮುಂಚೆಯೇ ಹೊಲಿಗೆ ಕಲಿತಿದ್ದರಂತೆ. ಅವತ್ತಿನವರೆಗೆ ಆಕೆ ಬಾಯಿ ಬಿಟ್ಟದ್ದನ್ನು ನಾನು ಕಂಡಿರಲಿಲ್ಲ.

ಆಕೆ ಮೊದಲ ಸಲ ಮಾತಾಡಿದ್ದು ಉಂಗುರದ ಆಟದ ದಿನ. ನೆಲದ ಮೇಲೆ ಒಂದು ಗೂಟ ನಿಲ್ಲಿಸಿ, ಪ್ರತಿಯೊಬ್ಬರ ಕೈಗೂ ನಾಲ್ಕು ಪ್ಲಾಸ್ಟಿಕ್ ಬಳೆ ಕೊಡುತ್ತಾರೆ. ಎಷ್ಟು ದೂರದಿಂದ ಬೇಕಾದರೂ ನಿಂತು ಎಸೆಯಬಹುದು. ತೀರಾ ಹತ್ತಿರ ನಿಂತವರು ಹೆದರುಪುಕ್ಕಲರು, ತೀರಾ ದೂರ ನಿಂತವರು ಜೂಜುಕೋರರು, ಹದವಾದ ದೂರದಲ್ಲಿ ನಿಂತವರು ಉದ್ಯಮಿಗಳು. ಇದು ಕೈಪಿಡಿಯ ಲೆಕ್ಕಾಚಾರ. ಆದರೆ ಆಟ ಮುಗಿಯುವ ತನಕ ಇದನ್ನು ಯಾರಿಗೂ ಹೇಳುವಂತಿಲ್ಲ.

ಹೆತ್ತೂರಿನಾಕೆ ಎದ್ದು ಬಂದು ಗೂಟದ ಪಕ್ಕದಲ್ಲೇ ನಿಂತು, ನಾಲ್ಕು ಬಳೆಗಳನ್ನೂ ಒಂದೊಂದಾಗಿ ಗೂಟಕ್ಕೆ ಹಾಕಿ ವಾಪಸು ಹೋಗಿ ಕೂತರು.

ಅಧಿಕಾರಿಗಳು ನಕ್ಕರು. "ನೋಡಿ, ಇವರಿಗೆ ಅಪಾಯ ಎದುರಿಸುವ ಮನೋಭಾವ ಕಡಿಮೆ."

"ಬಳೆ ಗೂಟಕ್ಕೆ ಬೀಳ್ಬೇಕಾ, ಬೇಡ್ವಾ ಸಾರ್?" ಆಕೆ ಕೂತಲ್ಲಿಂದಲೇ ಕೇಳಿದರು.

"ಬೀಳಬೇಕು. ಆದರೆ..."

"ಬಿತ್ತಲ್ಲ ಮತ್ತೆ. ದೂರ ನಿಂತ್ಕಂಡು ಎಸೀರಿ ಅಂತ ನೀವು ಹೇಳ್ನೇ ಇಲ್ವಲ್ಲ."

ಮಾಡಿನ ಮೇಲೆ ಮಳೆ ಸುರಿಯುತ್ತಿದ್ದರೂ ಇಡೀ ಭವನಕ್ಕೆ ಆ ಮಾತು ಕೇಳಿಸಿತು. ಅಧಿಕಾರಿಗಳು ಆಕೆಯ ಹೆಸರಿನ ಮುಂದೆ ಏನೋ ಬರೆದುಕೊಂಡರು. ಏನು ಬರೆದರೆಂದು ಆಮೇಲೆ ಇಣುಕಿ ನೋಡಿದೆ: 'ಕನಿಷ್ಠ'.

ಅವತ್ತು ಸಂಜೆ ಬಸ್ಸಿಗೆ ಕಾಯುತ್ತಾ ಇಬ್ಬರೂ ಒಂದೇ ಅಂಗಡಿಯ ಕಟ್ಟೆಯ ಮೇಲೆ ನಿಂತಿದ್ದೆವು. ತರಬೇತಿಗೆ ಯಾಕೆ ಬಂದಿರಿ ಎಂದು ಕೇಳಿದೆ. ಆಕೆ ಚೀಲದಿಂದ ಮಡಿಸಿದ ದಪ್ಪ ಪ್ಲಾಸ್ಟಿಕ್ ತೆಗೆದು ಬಿಡಿಸಿದರು. ಕೊಪ್ಪೆ. ಮಳೆಗಾಲದಲ್ಲಿ ತೋಟದ ಕೆಲಸದವರು ತಲೆಯಿಂದ ಮೊಣಕಾಲಿನವರೆಗೆ ಇಳಿಬಿಟ್ಟುಕೊಳ್ಳುವ ಹೊದಿಕೆ. ಹಿಂದೆ ಕಂಬಳಿಯದಿತ್ತು, ಆಮೇಲೆ ಪ್ಲಾಸ್ಟಿಕ್ ಶೀಟು ಬಂತು. ಶೀಟನ್ನು ಸುಮ್ಮನೆ ಹೊದ್ದುಕೊಂಡರೆ ಬಗ್ಗಿದಾಗ ಜಾರುತ್ತದೆ, ಕುತ್ತಿಗೆಯೊಳಗೆ ನೀರು ಇಳಿಯುತ್ತದೆ. ಈಕೆ ಅದಕ್ಕೆ ತಲೆಯ ಅಳತೆ ಕೊಟ್ಟು, ಸೊಂಟಕ್ಕೆ ಪಟ್ಟಿ ಕಟ್ಟಿ ಹೊಲಿಯುತ್ತಿದ್ದರು. ಎರಡು ಮಳೆಗಾಲದಿಂದ ಮಾರುತ್ತಿದ್ದರಂತೆ.

"ಎಲ್ಲಾ ಸರಿ ಐತೆ ಮೇಡಂ. ಸೂಜಿ ಹೋದ್ ಜಾಗ್ದಲ್ಲಿ ನೀರು ಸೋರ್ತೈತೆ. ಹೊಲ್ದಷ್ಟೂ ತೂತು. ಪ್ಲಾಸ್ಟಿಕ್ಕನ್ನ ಹೊಲೀದೆ ಕೂಡ್ಸೋದು ಹೆಂಗೆ ಅಂತ ಇಲ್ಲಿ ಹೇಳ್ಕೊಡ್ತಾರೇನೋ ಅಂತ ಬಂದೆ. ನೀವು ನೋಡುದ್ರೆ ಹತ್ತು ಗುಣ ಬರಸ್ತಾ ಇದೀರಿ."

ನನಗೆ ಸಿಟ್ಟು ಬಂತು. "ಗುಣಗಳೂ ಬೇಕಲ್ವಾ?" ಎಂದೆ.

"ಬೇಕೇನೋಪ್ಪ. ನೀವು ಏನೇನ್ ಮಾರಿದ್ದೀರಾ ಮೇಡಂ?"

ಆಕೆ ಚುಚ್ಚಿ ಕೇಳಿದ್ದಲ್ಲ. ನಿಜವಾಗಿಯೂ ತಿಳಿದುಕೊಳ್ಳಲು ಕೇಳಿದ್ದರು. ಅಷ್ಟರಲ್ಲಿ ಹೆತ್ತೂರಿನ ಬಸ್ಸು ಬಂತು. 

ಮಾರನೆಯ ದಿನ ಅಧಿಕಾರಿಗಳಿಗೆ ವಿಷಯ ಹೇಳಿದೆ. ಪ್ಲಾಸ್ಟಿಕ್ ಬೆಸೆಯುವುದು ಗೊತ್ತಿರುವವರನ್ನು ಒಂದು ದಿನ ಕರೆಸೋಣ, ಹಾಸನದಲ್ಲಿ ಯಾರಾದರೂ ಇದ್ದಾರು ಎಂದೆ. ಅವರು ಕೈಪಿಡಿಯ ಕೊನೆಯ ಪುಟ ತೆರೆದು ತೋರಿಸಿದರು. ಅನುಮೋದಿತ ಚಟುವಟಿಕೆಗಳ ಪಟ್ಟಿ: ಅಗರಬತ್ತಿ, ಮೇಣದಬತ್ತಿ, ಫಿನಾಯಿಲ್, ಸೀಮೆಸುಣ್ಣ, ಹಪ್ಪಳ, ಉಪ್ಪಿನಕಾಯಿ, ಸಿದ್ಧ ಉಡುಪು. ಕೊಪ್ಪೆ ಇರಲಿಲ್ಲ.

"ಸಿದ್ಧ ಉಡುಪು ಅಂತ ತಗೊಳ್ಳಿ. ಲಂಗ ಹೊಲಿಯಲಿ."

"ಸಾರ್, ಅವರಿಗೆ ಕೊಪ್ಪೆಗೆ ಗಿರಾಕಿಗಳಿದ್ದಾರೆ. ಲಂಗಕ್ಕೆ ಇಲ್ಲ."

"ಗಿರಾಕಿ ಹುಡುಕುವುದೂ ಉದ್ಯಮಶೀಲತೆಯೇ ಅಲ್ಲವಾ ಮೇಡಂ?"

ಈ ಮಾತಿಗೆ ಏನೆನ್ನುತ್ತೀರಿ! ನಾನು ತಲೆ ಬಿಸಿ ಮಾಡಿಕೊಂಡು ಹೊರಗೆ ಬಂದೆ. ಆದರೆ, ಮುಚ್ಚಿಡುವುದರಲ್ಲಿ ಅರ್ಥವಿಲ್ಲ, ಆಕೆಯ ಫಾರಂನಲ್ಲಿ 'ಸಿದ್ಧ ಉಡುಪು' ಎಂದು ಬರೆದವಳು ನಾನೇ. ಕಾಲೇಜಿನಲ್ಲಿ ಮುಂದಿನ ವರ್ಷದ ನೇಮಕಾತಿ ತಲೆಯಲ್ಲಿತ್ತು. "ಸದ್ಯಕ್ಕೆ ಹೀಗೆ ಬರೆಯೋಣ, ಆಮೇಲೆ ನೋಡೋಣ" ಎಂದು ಆಕೆಗೆ ಸಮಾಧಾನ ಹೇಳಿದೆ. ಆಕೆ ನನ್ನ ಮುಖ ನೋಡಿ ಸಹಿ ಹಾಕಿದರು.

ಹೊಲಿಯದೆ ಕೂಡಿಸುವ ದಾರಿಯನ್ನು ಆಕೆಗೆ ಕಲಿಸಿಕೊಟ್ಟದ್ದು ನಮ್ಮ ಶಿಬಿರವಲ್ಲ. ಮೇಣದಬತ್ತಿಯ ವಾರದಲ್ಲಿ ಉಳಿದ ಮೇಣವನ್ನು ಮನೆಗೆ ಒಯ್ದು ಹೊಲಿಗೆಯ ಮೇಲೆ ಉಜ್ಜಿ ನೋಡಿದರು. ಎರಡು ದಿನ ನೀರು ನಿಂತಿತು, ಮೂರನೆಯ ದಿನ ಮೇಣ ಹಕ್ಕಳೆ ಹಕ್ಕಳೆಯಾಗಿ ಉದುರಿತು. ಆಮೇಲೆ ಒಂದು ಮಧ್ಯಾಹ್ನ ಊಟದ ಬಿಡುವಿನಲ್ಲಿ ಬಸ್ ಸ್ಟ್ಯಾಂಡಿನ ದಿನಸಿ ಅಂಗಡಿಗೆ ಹೋಗಿದ್ದಾಗ, ಅಂಗಡಿಯವರ ಹೆಂಡತಿ ಕಡಲೆಬೀಜದ ಪೊಟ್ಟಣ ಕಟ್ಟುತ್ತಿದ್ದುದನ್ನು ಕಂಡರು. ಪ್ಲಾಸ್ಟಿಕ್ಕಿನ ಬಾಯಿಯನ್ನು ಗರಗಸದ ಅಲಗಿನ ಮೇಲೆ ಮಡಿಸಿ, ಪಕ್ಕದಲ್ಲಿ ಉರಿಯುವ ಮೇಣದಬತ್ತಿಗೆ ಸರ್ರನೆ ಸವರಿದರೆ ಬಾಯಿ ಅಂಟಿಕೊಳ್ಳುತ್ತಿತ್ತು. ಈಕೆ ಊಟ ಬಿಟ್ಟು ಅಲ್ಲೇ ನಿಂತರು. ಮಧ್ಯಾಹ್ನದ ನನ್ನ ಪಾಠಕ್ಕೂ ಬರಲಿಲ್ಲ. ಹಾಜರಿ ಪುಸ್ತಕದಲ್ಲಿ ಗೈರು.

ಕೊಪ್ಪೆಯ ದಪ್ಪ ಶೀಟಿಗೆ ಮೇಣದಬತ್ತಿ ಸಾಲಲಿಲ್ಲ. ಒಂದು ಕಡೆ ಕರಗಿದರೆ ಇನ್ನೊಂದು ಕಡೆ ಬಿಟ್ಟುಕೊಳ್ಳುತ್ತಿತ್ತು. ವಾರವೆಲ್ಲ ಒದ್ದಾಡಿದರು. ಕೊನೆಗೆ ಇದ್ದಿಲು ತುಂಬಿದ ಇಸ್ತ್ರಿಪೆಟ್ಟಿಗೆ ಹಿಡಿದರು. ಎರಡು ಅಂಚುಗಳನ್ನು ಒಂದರ ಮೇಲೊಂದಿಟ್ಟು, ಮೇಲೆ ನ್ಯೂಸ್‌ಪೇಪರ್ ಹಾಸಿ, ಎಣಿಸುತ್ತಾ ಇಸ್ತ್ರಿ ಒತ್ತುವುದು. ಏಳು ಎಣಿಸಿದರೆ ಅಂಟುವುದಿಲ್ಲ, ಹನ್ನೊಂದಾದರೆ ತೂತು ಬೀಳುತ್ತದೆ, ಒಂಬತ್ತಕ್ಕೆ ಸರಿ. ನಾಲ್ಕು ಶೀಟು ಹಾಳು ಮಾಡಿ ಕಂಡುಕೊಂಡ ಲೆಕ್ಕ ಅದು. ಅಂಗೈ ತುಂಬ ಬೊಬ್ಬೆ. ಅದೇ ವಾರ ಶಿಬಿರಕ್ಕೆ ಪ್ಯಾಕೆಟ್ ಸೀಲ್ ಮಾಡುವ ಎಲೆಕ್ಟ್ರಿಕ್ ಮಿಷನ್ ಬಂತು. ಉದ್ಘಾಟನೆಯ ಹೊತ್ತಿಗೆ ಕರೆಂಟಿರಲಿಲ್ಲ. ರಿಬ್ಬನ್ ಕತ್ತರಿಸಿ ಮತ್ತೆ ಪೆಟ್ಟಿಗೆಯೊಳಗೆ ಇಟ್ಟರು.

ಸಮಾರೋಪದ ದಿನ ಪ್ರದರ್ಶನವಿತ್ತು. 'ಸಿದ್ಧ ಉಡುಪು' ಎಂಬ ಬೋರ್ಡಿನ ಕೆಳಗೆ ಈಕೆ ಐದು ಕೊಪ್ಪೆಗಳನ್ನು ಸಾಲಾಗಿ ತೂಗುಹಾಕಿದ್ದರು. ಅತಿಥಿಗಳು ಬರುವ ಹತ್ತು ನಿಮಿಷ ಮೊದಲು ಅಧಿಕಾರಿಗಳು ಅದನ್ನು ನೋಡಿ ಗಾಬರಿಯಾಗಿ, ಕೊಪ್ಪೆಗಳನ್ನು ಮೇಜಿನ ಕೆಳಗೆ ತಳ್ಳಿಸಿ, ಎದುರು ಬಟ್ಟೆ ಅಂಗಡಿಯಿಂದ ಎರಡು ಲಂಗ ತರಿಸಿ ಜೋಡಿಸಿದರು. ಅತಿಥಿಗಳು ಲಂಗವನ್ನು ಮುಟ್ಟಿ ನೋಡಿ, "ಹೊಲಿಗೆ ಚೆನ್ನಾಗಿದೆ ತಾಯಿ" ಎಂದು ಹೊಗಳಿದರು. ಆಕೆ ಕೈ ಮುಗಿದು ನಿಂತಿದ್ದರು. ನಾನು ನಿರೂಪಣೆ ಮಾಡುತ್ತಿದ್ದೆ. ನನ್ನ ಕೈಯಲ್ಲಿ ಮೈಕ್ ಇತ್ತು. ಒಂದು ಮಾತು ಹೇಳಬಹುದಿತ್ತು, ಹೇಳಲಿಲ್ಲ. 

ಶಿಬಿರ ಮುಗಿದ ಮುಂದಿನ ಭಾನುವಾರ ಯಾರೂ ಹೇಳದೆಯೇ ಹೆತ್ತೂರಿನ ಬಸ್ಸು ಹತ್ತಿದೆ. ಆಕೆಯ ಮನೆ ಹುಡುಕಿಕೊಂಡು ಹೋದರೆ, ಆಕೆ ಕೊಪ್ಪೆಗಳ ಗಂಟು ಕಟ್ಟಿಕೊಂಡು ಎಸ್ಟೇಟಿಗೆ ಹೊರಟಿದ್ದರು.

"ನಾನೂ ಬರ್ತೀನಿ ಅಕ್ಕ," ಎಂದೆ. ಮೊದಲ ಸಲ ಅಕ್ಕ ಎಂದಿದ್ದು.

"ಬನ್ನಿ. ಜಿಗಣೆ ಅವೆ, ಸೀರೆ ಎತ್ತಿ ಕಟ್ಕಳಿ."

ಎಸ್ಟೇಟಿನ ಸ್ಟೋರಿನ ಮುಂದೆ ರೈಟರ್ ಕೂತಿದ್ದರು. ಕೆಲಸದವರ ಹಾಜರಿ ನೋಡುವ, ಸಾಮಾನು ಕೊಡಿಸುವ ಅಧಿಕಾರವೆಲ್ಲ ಅವರದು. ನನಗೆ ಎಲ್ಲಿಲ್ಲದ ಹುಮ್ಮಸ್ಸು. ಆಕೆ ಗಂಟು ಬಿಚ್ಚುವ ಮೊದಲೇ ನಾನು ಶುರು ಮಾಡಿಬಿಟ್ಟೆ: ಮಳೆಯಲ್ಲಿ ನೆನೆದ ಕಾರ್ಮಿಕರ ಕಾರ್ಯಕ್ಷಮತೆ ಹೇಗೆ ಕುಗ್ಗುತ್ತದೆ, ಸ್ಥಳೀಯ ಉತ್ಪನ್ನಗಳನ್ನು ಕೊಳ್ಳುವುದರಿಂದ ಗ್ರಾಮೀಣ ಆರ್ಥಿಕತೆ ಹೇಗೆ ಚೇತರಿಸಿಕೊಳ್ಳುತ್ತದೆ. ರೈಟರ್ ಪೂರ್ತಿ ಕೇಳಿಸಿಕೊಂಡು, ವಿನಯದಿಂದ ಕೇಳಿದರು:

"ಎಲ್ಲಾ ಸರಿ ಮೇಡಂ. ತಾವು ಯಾವ ಪಾರ್ಟಿ? ಎಲೆಕ್ಷನ್ ಇನ್ನೂ ದೂರ ಐತಲ್ಲ."

ಆಕೆ ನನ್ನ ತೋಳು ಹಿಡಿದು ಪಕ್ಕಕ್ಕೆ ಸರಿಸಿದರು. "ರೈಟ್ರೇ, ಒಂದ್ಗಳಿಗೆ ಎದ್ದೇಳಿ" ಎಂದು ಕೊಪ್ಪೆಯನ್ನು ಅವರ ತಲೆಗೇ ಹಾಕಿ, ಸೊಂಟಕ್ಕೆ ಪಟ್ಟಿ ಕಟ್ಟಿದರು. ಸ್ಟೋರಿನ ಸೂರಿನಿಂದ ನೀರು ಧೋ ಎಂದು ಬೀಳುತ್ತಿತ್ತು. "ಬನ್ನಿ, ಇದ್ರ ಕೆಳಗ್ ನಿಂತ್ಕಳಿ."

"ಏಯ್, ಏನಮ್ಮಾ ನೀನು!"

"ನಿಂತ್ಕಳಿ ಅಂದ್ರೆ. ಹ್ಞಾ, ಈಗ ಬಗ್ಗಿ. ಕಳೆ ಕಿತ್ತಂಗೆ ಬಗ್ಗಿ. ಇನ್ನೂ ಸ್ವಲ್ಪ."

ಲೈನಿನ ಹೆಂಗಸರು, ಅಂದರೆ ಎಸ್ಟೇಟಿನ ಸಾಲುಮನೆಗಳಲ್ಲಿರುವ ಕೆಲಸದವರು, ಬಾಗಿಲಿಗೆ ಬಂದು ನಿಂತು ಸೆರಗು ಬಾಯಿಗಿಟ್ಟುಕೊಂಡು ನಗುತ್ತಿದ್ದರು. ಅವರ ರೈಟರು ಬಗ್ಗಿದ್ದನ್ನು ಅವರು ಅದೇ ಮೊದಲು ನೋಡಿದ್ದಿರಬೇಕು. ನೀರು ಬೆನ್ನ ಮೇಲೆ ಸುರಿದು ಹೋಯಿತು. ಆಕೆ ಕೊಪ್ಪೆ ಬಿಚ್ಚಿ, "ಕುತ್ಗೆ ಮುಟ್ ನೋಡ್ಕಳಿ" ಎಂದರು. ರೈಟರ್ ಮುಟ್ಟಿ ನೋಡಿಕೊಂಡರು. ಆಮೇಲೆ ಅಂಗಿಯ ಕಾಲರ್ ಒಳಗೂ ಕೈ ಹಾಕಿ ನೋಡಿಕೊಂಡರು.

"ಒಣಗೇ ಐತೆ ಕಣಮ್ಮ," ಎಂದರು, ಏನೋ ಮೋಸ ಹೋದವರ ಹಾಗೆ. ಲೈನಿನವರಿಗೆಲ್ಲ ಒಂದೊಂದು ಬೇಕೆಂದು ಅವತ್ತೇ ಹೇಳಿ ಕಳಿಸಿದರು.

ವಾಪಸು ಬರುವಾಗ ಆಕೆ ಏನೂ ಆಗಿಲ್ಲವೆಂಬಂತೆ ನಡೆಯುತ್ತಿದ್ದರು. ನನ್ನ ತಲೆಯಲ್ಲಿ ಮಾತ್ರ ಹತ್ತು ಗುಣಗಳೂ ಕಲಸಿಹೋಗಿದ್ದವು. ಅಷ್ಟು ವರ್ಷ ಓದಿ, ಅಷ್ಟು ವರ್ಷ ಓದಿಸಿ, ಗಿರಾಕಿಯನ್ನು ನೀರಿನ ಕೆಳಗೆ ನಿಲ್ಲಿಸಬೇಕೆಂದು ನನಗೆ ಯಾಕೆ ಹೊಳೆಯಲಿಲ್ಲ?

ಆರು ತಿಂಗಳ ನಂತರ ಸಂಸ್ಥೆಯಿಂದ ಅನುಸರಣಾ ನಮೂನೆ ಬಂತು. ಎಷ್ಟು ಜನ ಉದ್ಯಮ ಸ್ಥಾಪಿಸಿದ್ದಾರೆ ಎಂದು ವಿಚಾರಿಸಿ ತುಂಬಿಸಬೇಕು. ನಾನು ಮನೆಮನೆ ತಿರುಗಿದೆ. ಶಿಬಿರದಿಂದ ಹಪ್ಪಳ ಒತ್ತುವ ಮಣೆ ಪಡೆದಿದ್ದ ಇಬ್ಬರು ಅದರಲ್ಲಿ ಬೆಳಿಗ್ಗೆ ಅಕ್ಕಿರೊಟ್ಟಿ ಒತ್ತುತ್ತಿದ್ದರು. ಒಬ್ಬರು ನನಗೂ ಬಡಿಸಿದರು; ರೊಟ್ಟಿ ತೆಳ್ಳಗೆ ಬರುತ್ತದೆಂದು ಖುಷಿಯಲ್ಲಿದ್ದರು. ಉಳಿದವರು ಸರ್ಟಿಫಿಕೇಟಿಗೆ ಕಟ್ಟು ಹಾಕಿಸಿ ಗೋಡೆಗೆ ತಗುಲಿಸಿದ್ದರು. ಕೊಪ್ಪೆಯ ಅಕ್ಕ ಅಷ್ಟು ಹೊತ್ತಿಗೆ ಪಕ್ಕದ ಮನೆಯ ಇಬ್ಬರು ಹೆಂಗಸರನ್ನು ಜೊತೆಗೆ ಹಾಕಿಕೊಂಡು ಮೂರು ಎಸ್ಟೇಟುಗಳಿಗೆ ಕೊಡುತ್ತಿದ್ದರು. ಇದ್ದದ್ದನ್ನು ಇದ್ದ ಹಾಗೆ ಬರೆದು ಕೊಟ್ಟೆ.

ಅಚ್ಚಾಗಿ ಬಂದ ವರದಿಯಲ್ಲಿ ಹಪ್ಪಳದ ಇಬ್ಬರ ಹೆಸರು 'ಸ್ಥಾಪಿತ ಘಟಕಗಳು' ಎಂಬಲ್ಲಿತ್ತು. ಈಕೆಯ ಹೆಸರು ಎಲ್ಲೂ ಇರಲಿಲ್ಲ. ನಾನು ಬಸ್ಸು ಹಿಡಿದು ಅಧಿಕಾರಿಗಳ ಕಚೇರಿಗೇ ಹೋದೆ.

"ಮೇಡಂ, ಅವರ ಕೆಲಸ ತರಬೇತಿಗೆ ಮೊದಲೇ ಇತ್ತು. ಹೊಸ ಘಟಕ ಅಂತ ತೋರಿಸೋಕಾಗಲ್ಲ. ಮೇಲಾಗಿ ಅವರು ಫಾರಂನಲ್ಲಿ ಬರೆದದ್ದು ಸಿದ್ಧ ಉಡುಪು."

"ಬರೆದದ್ದು ನಾನು ಸಾರ್! ಬರೆಸಿದ್ದು ನೀವು!"

"ಕೂಗಾಡಬೇಡಿ ಮೇಡಂ. ಟೀ ತಗೊಳ್ಳಿ."

ಟೀ ಕುಡಿಯದೆ ಎದ್ದು ಬಂದೆ. ಮನೆಗೆ ಬಂದು ನಾಲ್ಕು ಪುಟದ ಪತ್ರ ಬರೆದೆ: ನಮ್ಮ ಕಡೆಯ ಶಿಬಿರವನ್ನು ಮಳೆಗಾಲದಲ್ಲಿ ಇಡಬೇಡಿ, ಮೊದಲ ವಾರ ಪಾಠ ಬೇಡ, ಜನರಿಗೆ ಏನು ಬೇಕೆಂದು ಶಿಬಿರಾರ್ಥಿಗಳೇ ಸಂತೆಯಲ್ಲಿ ಕೇಳಿಕೊಂಡು ಬರಲಿ, ಅವರವರ ಕೆಲಸದಲ್ಲಿ ಅವರವರಿಗಿರುವ ತೊಡಕು ಬಿಡಿಸುವವರನ್ನು ಕರೆಸಿ. ತಮ್ಮ ಸಲಹೆಗಳನ್ನು ಗಮನಿಸಲಾಗಿದೆ ಎಂದು ಒಂದು ಸಾಲಿನ ಉತ್ತರ ಬಂತು. ಮುಂದಿನ ಜೂನ್‌ನಲ್ಲಿ ಅದೇ ಭವನದ ಮುಂದೆ ಒಂದು ವ್ಯಾನ್ ನಿಂತು, ಹಪ್ಪಳದ ಮಣೆಗಳ ಪೆಟ್ಟಿಗೆ ಇಳಿಸಿತು. ಆ ವರ್ಷ ನಾನು ಪಾಠಕ್ಕೆ ಹೋಗಲಿಲ್ಲ. ಪ್ರಾಂಶುಪಾಲರಿಗೆ ಬೇಸರವಾಯಿತು, ಆದರೂ ನನ್ನನ್ನು ಕಾಲೇಜಿನಲ್ಲಿ ಉಳಿಸಿಕೊಂಡರು. ನಾನು ಹೆದರಿದ್ದಷ್ಟೂ ದಂಡವಾಯಿತು.

ಆಮೇಲೆ ಕಾಫಿ ಬೆಲೆ ಬಿದ್ದುಹೋದ ವರ್ಷಗಳು ಬಂದವು. ಎಸ್ಟೇಟುಗಳು ಆಳು ಕಡಿಮೆ ಮಾಡಿದವು, ಕೊಪ್ಪೆ ಕೇಳುವವರು ಕಡಿಮೆಯಾದರು. ಅದೇ ಹೊತ್ತಿಗೆ ಸಂತೆಯಲ್ಲಿ ಹೊರಗಿನಿಂದ ಬಂದ ಅಗ್ಗದ ರೇನ್‌ಕೋಟುಗಳ ರಾಶಿ. ಈಕೆಯ ಕಥೆ ಮುಗಿಯಿತೆಂದು ನಾನು ಮರುಗಿದೆ. ಸಿಕ್ಕಾಗ ಏನಾದರೂ ಧೈರ್ಯ ಹೇಳಬೇಕೆಂದು ಮಾತುಗಳನ್ನೂ ಜೋಡಿಸಿಟ್ಟುಕೊಂಡಿದ್ದೆ. ಸಿಕ್ಕಿದ್ದು ಸಕಲೇಶಪುರದ ಆಟೋ ಸ್ಟ್ಯಾಂಡಿನ ಹತ್ತಿರ. ಒಂದು ಆಟೋದ ಪಕ್ಕದಲ್ಲಿ ಟೇಪು ಹಿಡಿದು ಅಳತೆ ತೆಗೆಯುತ್ತಿದ್ದರು.

"ಏನಕ್ಕ ಇದು?"

"ಆಟೋಕ್ಕೆ ಸೈಡ್ ಪರದೆ. ಮಳೇಲಿ ಒಳಗ್ ಕೂತೋರೆಲ್ಲ ಅರ್ಧ ನೆಂದ್ಬುಡ್ತಾರೆ ನೋಡಿ. ಜೀಪಿನ್ ಹುಡ್ಡೂ ಮಾಡ್ತೀನಿ, ನಮ್ಮನೆಯೋರು ಹೆಂಗೆ ಏನು ಅಂತ ಹೇಳ್ತಾರೆ. ಇಲ್ಲೇ ಒಂದು ರೂಮ್ ಹಿಡ್ದಿದೀನಿ." ಆಮೇಲೆ ನನ್ನ ಮುಖ ನೋಡಿ, "ಯಾಕ್ ಮೇಡಂ, ಹುಷಾರಿಲ್ವಾ?" ಎಂದರು.

ಕೆಲವು ವರ್ಷಗಳಲ್ಲಿ ಪದವಿ ತರಗತಿಗೆ ಉದ್ಯಮಶೀಲತೆ ಎಂಬ ಪತ್ರಿಕೆಯೇ ಬಂತು. ಪಾಠ ಮಾಡುವ ಸರದಿ ಮತ್ತೆ ನನ್ನದು. ಪಠ್ಯದ ಮೊದಲ ಸಾಲು ನೋಡಿದೆ: ಅದೇ 'ಆರ್ಥಿಕ ಅಭಿವೃದ್ಧಿಯ ತಳಹದಿ'. ಈಕೆಯನ್ನು ಒಂದು ದಿನ ತರಗತಿಗೆ ಕರೆಸುತ್ತೇನೆ ಎಂದರೆ, ಹೊಸ ಪ್ರಾಂಶುಪಾಲರು ಕೇಳಿದ ಮೊದಲ ಪ್ರಶ್ನೆ: "ಅವರ ವಿದ್ಯಾರ್ಹತೆ ಏನು?" ಏಳನೇ ಕ್ಲಾಸು ಎಂದೆ. ಅವರು ಕನ್ನಡಕ ತೆಗೆದು ಒರೆಸಿಕೊಂಡರು. ಒಂದು ವಾರ ಬೆನ್ನು ಹತ್ತಿ ಒಪ್ಪಿಸಿದೆ. ಒಪ್ಪಿಗೆ ಪತ್ರ ಹಿಡಿದು ಹೋದರೆ, ಆಕೆ ಇಸ್ತ್ರಿಪೆಟ್ಟಿಗೆಯಿಂದ ಕಣ್ಣು ತೆಗೆಯದೆ ಹೇಳಿದರು: "ಐದು, ಆರು... ಈಗ ಆಗಕ್ಕಿಲ್ಲ ಮೇಡಂ, ಸೀಜನ್ನು... ಒಂಬತ್ತು. ಮಳೆ ಬಿಟ್ಮೇಲೆ ಬತ್ತೀನಿ." ಮಳೆ ಬಿಡುವ ಹೊತ್ತಿಗೆ ಪಾಠ ಮುಗಿದು ಪರೀಕ್ಷೆ ಬಂದಿರುತ್ತದೆಂದು ಹೇಳಿದೆ. "ಅದಕ್ಕೆ ನಾನೇನ್ ಮಾಡ್ಲಿ?"

ಹಾಗಾಗಿ ಮಕ್ಕಳನ್ನೇ ಅಲ್ಲಿಗೆ ಕರೆದುಕೊಂಡು ಹೋದೆ. ಇಪ್ಪತ್ತು ಜನ ಆ ಸಣ್ಣ ರೂಮಿನ ಮುಂದೆ ಕೊಡೆ ಹಿಡಿದು ನಿಂತರು. ಆಕೆ ಭಾಷಣ ಮಾಡಲಿಲ್ಲ. "ಹೋಗಿ, ಹತ್ತು ಆಟೋದೋರನ್ನ ಕೇಳ್ಕಂಡ್ ಬನ್ನಿ, ಮಳೇಲಿ ಏನ್ ತೊಂದ್ರೆ ಅಂತ. ಪರದೆ ವಿಷ್ಯ ಎತ್ಬೇಡಿ" ಎಂದು ಅಟ್ಟಿದರು. ಅರ್ಧ ಜನ ಹೋದರು. ಉಳಿದರ್ಧ ಬೇಕರಿಯಲ್ಲಿ ಸಿಕ್ಕರು. ಹೋದವರು ತಂದ ಉತ್ತರಗಳನ್ನು ಆಕೆ ಕೆಲಸ ಮಾಡುತ್ತಲೇ ಕೇಳಿಸಿಕೊಂಡರು. ಮುಂದಿನ ಗಾಜು ಮಸುಕಾಗುತ್ತದೆ, ಆಟೋದ ಕಾಗದಪತ್ರ ಇಡುವ ಜಾಗದಲ್ಲಿ ನೀರು ನಿಲ್ಲುತ್ತದೆ, ಸೀಟಿನ ಸ್ಪಂಜು ಕೊಳೆಯುತ್ತದೆ. ಸೀಟಿನ ವಿಷಯ ಬಂದಾಗ ಕೈ ನಿಲ್ಲಿಸಿ, "ಯಾರ್ ಹೇಳಿದ್ದು? ಯಾವ ಆಟೋ?" ಎಂದು ಎರಡು ಸಲ ಕೇಳಿದರು.

ತರಗತಿ ಪರೀಕ್ಷೆಯಲ್ಲಿ 'ಉದ್ಯಮಶೀಲತೆ ಎಂದರೇನು?' ಎಂಬ ಪ್ರಶ್ನೆಗೆ ಬಹುಪಾಲು ಮಕ್ಕಳು ತಳಹದಿಯನ್ನೇ ಬರೆದಿದ್ದರು. ಅದು ಪುಸ್ತಕದಲ್ಲಿದ್ದಂತೆಯೇ ಇದ್ದುದರಿಂದ ಅಂಕ ಕೊಡದೆ ಗತಿಯಿರಲಿಲ್ಲ. ಒಬ್ಬಳು ಮಾತ್ರ, ಜನ ಎಲ್ಲಿ ನೆನೆಯುತ್ತಾರೆಂದು ಮೊದಲು ಕೇಳಿ ತಿಳಿದುಕೊಳ್ಳುವುದು, ಆಮೇಲೆ ಶೀಟು ಕತ್ತರಿಸುವುದು ಎಂದು ಎರಡು ಸಾಲು ಬರೆದು ನಿಲ್ಲಿಸಿದ್ದಳು. ಅವಳಿಗೆ ಪೂರ್ತಿ ಅಂಕ ಹಾಕಿದೆ. ಇದೇನು ಮೇಡಂ, ಎರಡೇ ಸಾಲಿಗೆ ಇಷ್ಟು ಎಂದು ಉಳಿದವರು ಜಗಳಕ್ಕೆ ಬಂದರು. ನಾನೂ ಜಗಳವಾಡಿದೆ. ಆ ಹುಡುಗಿ ಡಿಗ್ರಿ ಮುಗಿಸಿ ಯಾವ ಉದ್ಯಮವನ್ನೂ ಶುರು ಮಾಡಲಿಲ್ಲ, ಬಿ.ಎಡ್. ಸೇರಿದಳು.